ಎಡಚಿಯ ಗಂಟು

"ಏಯ್ ದರಿದ್ರ ಮುಂಡೇದೆ! ಆ ಒದ್ದೆ ಬಟ್ಟೆ ಹಿಡ್ಕೊಂಡು ಚಿತ್ರದ ಹತ್ರ ಸುಳೀಬೇಡ ಅಂತ ಎಷ್ಟು ಸಲ ಬೊಗಳ್ಬೇಕು ನಿಂಗೆ? ಒಂದು ಹನಿ ಹಾರಿದ್ರೂ ನಿನ್ನ ಚರ್ಮ ಸುಲಿದು ಅದೇ ಗೋಡೆಗೆ ಮೊಳೆ ಹೊಡೀತೀನಿ!"

ನಮ್ಮ ಮೇಲ್ವಿಚಾರಕನ ಬೆಳಗಿನ ನಮಸ್ಕಾರ ಇದು. ಸೊಂಟಕ್ಕೆ ಬೀಗದ ಕೈಗಳ ಗೊಂಚಲು ಕಟ್ಟಿಕೊಂಡು ಜಣಜಣ ಸದ್ದು ಮಾಡುತ್ತ ತಿರುಗುವವನು, ಹಾಗಾಗಿ ಕಸ ಗುಡಿಸುವ ನಾವೆಲ್ಲ ಅವನಿಗೆ ಬೀಗದಕೈ ಎಂದೇ ಹೆಸರಿಟ್ಟಿದ್ದೆವು. ನಾನು ಮಂಡಿಯೂರಿ ಕೂತು ನೆಲದ ಮೇಲಿನ ಸುಣ್ಣದ ಕಲೆ ಕೆರೆಯುತ್ತಿದ್ದೆ. ಹೊಸ ಸಭಾಭವನ. ಎಲ್ಲಿ ನೋಡಿದರೂ ಸುಣ್ಣ, ಗಾರೆ, ಬಣ್ಣದ ತೊಟ್ಟು. ನಾಡಿದ್ದು ಉದ್ಘಾಟನೆ, ಅಷ್ಟರೊಳಗೆ ನೆಲದಲ್ಲಿ ಮುಖ ಕಾಣಬೇಕು ಎಂದು ಚಿಕ್ಕ ದಣಿ ಹೇಳಿಬಿಟ್ಟಿದ್ದ. ಯಾರ ಮುಖ ಎಂದು ಹೇಳಿರಲಿಲ್ಲ.

ಊರಿನ ಅರ್ಧ ಹೊಲ ಚಿಕ್ಕ ದಣಿಯದು. ಸತ್ತ ತನ್ನ ಅಪ್ಪನ ನೆನಪಿಗೆ ಈ ಭವನ ಕಟ್ಟಿಸಿದ್ದ. ಆ ಅಪ್ಪ, ಅಂದರೆ ದೊಡ್ಡ ದಣಿ, ಮೂವತ್ತೆರಡು ವರ್ಷದ ಹಿಂದೆ ಹೆಸರಾಂತ ಚಿತ್ರಗಾರನೊಬ್ಬನನ್ನು ಕರೆಸಿ ತನ್ನ ಹೊಲದ ಕೊಯ್ಲನ್ನು ಬರೆಸಿದ್ದನಂತೆ. ಅಷ್ಟು ವರ್ಷ ಅವರ ಮನೆಯ ಒಳಕೋಣೆಯಲ್ಲಿದ್ದ ಚಿತ್ರ ಈಗ ಭವನದ ಎದುರು ಗೋಡೆಗೆ ಬಂದಿತ್ತು. ಅಡ್ಡಕ್ಕೆ ಒಂದು ಬಾಗಿಲಿನಷ್ಟು ಉದ್ದ. ಹಿಂದಿನ ದಿನ ಅದನ್ನು ಏರಿಸುವಾಗ ನಾಲ್ಕನೇ ಮೂಲೆ ಹಿಡಿಯಲು ಆಳು ಸಾಲದೆ ಇದೇ ಬೀಗದಕೈ ನನ್ನನ್ನು ಕೂಗಿ ಕರೆದಿದ್ದ. ಆಗ ನನ್ನ ಕೈಯಿಂದ ಅದಕ್ಕೇನೂ ಆಗಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಚಿಕ್ಕ ದಣಿ ಒಬ್ಬ ಪಂಡಿತನನ್ನು ಕರೆತಂದ. ಚಿತ್ರ ನೋಡಿ ಅದರ ಅರ್ಥ ಹೇಳುವುದೇ ಅವನ ಕಸುಬು. ಉದ್ಘಾಟನೆಯ ದಿನ ಬರುವವರಿಗೆ ವಿವರಿಸಲು ಶಾಲೆಯ ನಾಲ್ಕು ಜನ ಮೇಷ್ಟ್ರುಗಳಿಗೆ ಹೇಳಿಕೊಡಬೇಕಾಗಿತ್ತು. ಕೈಯಲ್ಲೊಂದು ತೆಳ್ಳನೆಯ ಕೋಲು ಹಿಡಿದು ಅವನು ಶುರುಮಾಡಿದ.

"ಈ ಹೆಂಗಸರ ಸಾಲು ಗಮನಿಸಿ. ಎಲ್ಲರೂ ಒಂದೇ ಲಯದಲ್ಲಿ ಬಗ್ಗಿದ್ದಾರೆ. ಇದು ಬರೀ ಕೊಯ್ಲು ಅಲ್ಲ. ಭೂಮಿತಾಯಿಗೆ ಮಾಡ್ತಿರೋ ವಂದನೆ."

ನನಗೆ ಬಾಯಿ ಕಟ್ಟಿಕೊಂಡು ಇರುವುದೇ ಕಷ್ಟವಾಯಿತು. ಪೈರು ಇರುವುದು ಮೊಣಕಾಲೆತ್ತರ, ಕುಡುಗೋಲು ಹಾಕಬೇಕಾದ್ದು ಬುಡಕ್ಕೆ. ಬಗ್ಗದೆ ನೆಟ್ಟಗೆ ನಿಂತು ಊದಿದರೆ ತೆನೆ ಬೀಳುತ್ತದೆಯೇ? ಹತ್ತು ವರ್ಷ ನಾನೂ ಆ ಸಾಲಿನಲ್ಲಿ ಬಗ್ಗಿದ್ದೇನೆ. ವಂದನೆ ಹೋಗಲಿ, ಸಂಜೆ ಸೊಂಟ ಎತ್ತುವಾಗ ಬಾಯಿಗೆ ಬರುತ್ತಿದ್ದ ಮಾತು ಕೇಳಿದ್ದರೆ ಭೂಮಿತಾಯಿ ಕಿವಿ ಮುಚ್ಚಿಕೊಳ್ಳುತ್ತಿದ್ದಳು.

"ಇವಳನ್ನ ನೋಡಿ, ಬಾಯಿಗೆ ಬಟ್ಟೆ ಅಡ್ಡ ಹಿಡಿದಿದ್ದಾಳೆ. ಸುಗ್ಗಿಯ ಹಾಡು ಹೇಳ್ತಾ ಹೇಳ್ತಾ ನಾಚಿಕೊಂಡಿದ್ದಾಳೆ. ಇಲ್ಲಿ ಮಡಕೆ ಉರುಳಿದೆ. ಸಮೃದ್ಧಿ ತುಂಬಿ ಚೆಲ್ತಾ ಇದೆ ಅಂತ ಕಲಾವಿದರು ಸೂಚಿಸ್ತಾರೆ. ಇನ್ನು ಚಿತ್ರದ ಜೀವ ಎಲ್ಲಿದೆ? ಇಲ್ಲಿ." ಕೋಲು ಮರದ ಬುಡಕ್ಕೆ ಹೋಯಿತು. "ನೆರಳಲ್ಲಿ ಮಲಗಿರೋ ಈ ಗಂಡಾಳು. ಮುಖದ ಮೇಲೆ ಬಟ್ಟೆ ಎಳ್ಕೊಂಡು ಎಂಥಾ ಸುಖನಿದ್ದೆ! ಶ್ರಮ, ಅದರ ಪಕ್ಕದಲ್ಲೇ ನೆಮ್ಮದಿ. ಅದಕ್ಕೇ ದೊಡ್ಡ ದಣಿಗಳು ಇದಕ್ಕೆ 'ಶ್ರಮದ ನೆಮ್ಮದಿ' ಅಂತ ಹೆಸರಿಟ್ಟಿದ್ದು. ಇನ್ನೊಂದು ತಮಾಷೆ ಇದೆ, ಹತ್ತಿರ ಬನ್ನಿ. ಅವನ ಎರಡೂ ಕೈ ಸೇರಿಸಿ ಯಾರೋ ಹುಲ್ಲಿನ ಹುರಿಯಿಂದ ಕಟ್ಟಿದ್ದಾರೆ. ಮಲಗಿದ್ದವನನ್ನೂ ಪೈರಿನ ಕಟ್ಟಿನ ಹಾಗೆ ಒಂದು ಸಿವುಡು ಮಾಡಿಬಿಟ್ಟಿದ್ದಾರೆ! ಹಳ್ಳಿ ಜನರ ಹಾಸ್ಯ!"

ಮೇಷ್ಟ್ರುಗಳು ನಕ್ಕರು. ಚಿಕ್ಕ ದಣಿ ನಕ್ಕ. ಬೀಗದಕೈಯೂ ಬೀಗದ ಕೈ ಕುಲುಕಿ ನಕ್ಕ. ನೆಲ ಒರೆಸುವ ಬಟ್ಟೆ ಹಿಡಿದುಕೊಂಡೇ ನಾನೂ ನಕ್ಕೆ.

ನಗದೆ ಏನು ಮಾಡಲಿ? ಪಂಡಿತ ಹೇಳಿದ್ದರಲ್ಲಿ ಅದೊಂದೇ ನಿಜ ಅನ್ನಿಸಿತು. ಮಧ್ಯಾಹ್ನದ ಬಿಡುವಿನಲ್ಲಿ ಯಾರಾದರೂ ಗೊರಕೆ ಹೊಡೆದರೆ ಅವರ ಕೈಯನ್ನೋ ಕಾಲನ್ನೋ ಸಿವುಡಿಗೆ ಕಟ್ಟಿಹಾಕುವುದು ಕೊಯ್ಲಿನವರ ಹಳೆಯ ಕೀಟಲೆ. ಒಂದು ಸಲ ನನ್ನ ಜಡೆಯನ್ನೇ ಕಟ್ಟಿದ್ದರು. ಪಂಡಿತ, ದಣಿ ಎಲ್ಲ ಊಟಕ್ಕೆ ಹೋದ ಮೇಲೆ ನಾನು ಚಿತ್ರದ ಹತ್ತಿರ ಹೋದೆ. ಒದ್ದೆ ಬಟ್ಟೆ ಕೆಳಗಿಟ್ಟೇ ಹೋದೆ.

ಆಗ ಕಂಡಿತು ಗಂಟು. ಕೊಯ್ದ ಪೈರಿನ ಒಂದೊಂದು ಕಟ್ಟಿಗೆ ಸಿವುಡು ಎನ್ನುತ್ತೇವೆ. ನಾಲ್ಕಾರು ಹುಲ್ಲಿನೆಳೆ ಹೊಸೆದು ಹುರಿ ಮಾಡಿ, ಅದನ್ನು ಸುತ್ತಿ, ತಿರುಚಿ, ಉಳಿದ ಬಾಲವನ್ನು ಒಳಗೆ ಸಿಕ್ಕಿಸಬೇಕು. ಎಲ್ಲರ ಬಾಲವೂ ಬಲಕ್ಕೆ ಬರುತ್ತದೆ. ಎಡಕ್ಕೆ ಬರುವುದು ಒಬ್ಬಳದೇ, ನಮ್ಮ ಅವ್ವನದು. ಅವಳು ಎಡಗೈಯವಳು, ಊರೆಲ್ಲ ಅವಳನ್ನು ಕರೆಯುವುದೇ ಎಡಚಿ ಎಂದು. ಚಿತ್ರದ ಸಿವುಡುಗಳಲ್ಲಿ ಕೆಲವಕ್ಕೆ ಬಾಲ ಎಡಕ್ಕಿತ್ತು. ಮಲಗಿದ್ದವನ ಮಣಿಕಟ್ಟಿನ ಹುರಿಗೂ ಎಡಕ್ಕೇ ಇತ್ತು. ಅಂದರೆ ಈ ಕೀಟಲೆ ಮಾಡಿದವಳು ನಮ್ಮವ್ವ! ನನ್ನ ಖುಷಿಗೆ ಮಿತಿಯೇ ಇರಲಿಲ್ಲ. ಹುಟ್ಟಿದಾಗಿನಿಂದ ಆ ಹೆಂಗಸು ಹಲ್ಲು ಬಿಟ್ಟು ನಕ್ಕಿದ್ದನ್ನು ನಾನು ಕಂಡಿರಲಿಲ್ಲ.

ಮಧ್ಯಾಹ್ನದ ಬಿಡುವಿಗೆ ಓಡೋಡಿ ಮನೆಗೆ ಬಂದೆ. ನಮ್ಮದು ತಗಡು ಹೊದಿಸಿದ ಒಂದೇ ಕೋಣೆ. ಅವ್ವ ಹೊಸ್ತಿಲ ಬೆಳಕಿಗೆ ಮೊರ ಇಟ್ಟುಕೊಂಡು ಕಾಳಿನಲ್ಲಿ ಕಲ್ಲು ಆರಿಸುತ್ತಿದ್ದಳು. ಬೆರಳುಗಳೆಲ್ಲ ಸೊಟ್ಟಗಾಗಿವೆ, ಆದರೂ ಕಲ್ಲು ತಪ್ಪಿಸಿಕೊಳ್ಳುವುದಿಲ್ಲ.

"ಅವ್ವಾ, ನೀನು ಇಷ್ಟು ಕಿತಾಪತಿಯವಳು ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣೆ!" ಎಂದೆ. ಚಿತ್ರದ ವಿಷಯ ಒಂದೇ ಉಸಿರಿನಲ್ಲಿ ಹೇಳಿದೆ. ಪಂಡಿತನ ಹಾಗೆ ಕೋಲು ಆಡಿಸಿ ತೋರಿಸಿದೆ. "ಪಾಪ, ನಿದ್ದೆ ಹೊಡೀತಾ ಇದ್ದವನ ಕೈ ಕಟ್ಟಿದ್ದೀಯಲ್ಲ, ಅವನು ಎದ್ದ ಮೇಲೆ ನಿನ್ನ ಅಟ್ಟಿಸ್ಕೊಂಡು ಬರ್ಲಿಲ್ವಾ?"

ಮೊರದಲ್ಲಿ ಅವ್ವನ ಕೈ ನಿಂತಿತು.

"ಬಾಲ ಎತ್ಲಾಗಿತ್ತು?"

"ಎಡಕ್ಕೆ. ಅದ್ರಿಂದ್ಲೇ ಅಲ್ವಾ ನಂಗೆ ಗೊತ್ತಾಗಿದ್ದು?"

"ಮಡಕೆ?"

"ಉರುಳಿ ಬಿದ್ದಿತ್ತು."

"ಎಲ್ರೂ ನಕ್ರು ಅಂದ್ಯಲ್ಲ. ನೀನು ನಕ್ಯಾ?"

"ಎಲ್ರೂ ನಗೋವಾಗ..."

"ನೀನು ನಕ್ಯಾ ಅಂತ ಕೇಳ್ದೆ."

"ಹೂಂ ಅವ್ವ."

ಅವಳು ನನ್ನ ಕೆನ್ನೆಗೆ ಎರಡು ಬಿಗಿದಿದ್ದರೆ ಚೆನ್ನಾಗಿತ್ತು. ಬಿಗಿಯಲಿಲ್ಲ. ಮೊರವನ್ನು ಪಕ್ಕಕ್ಕಿಟ್ಟಳು.

"ಅದು ನಿಮ್ಮಪ್ಪ ಕಣೆ," ಎಂದಳು.

ನನಗೆ ನಾಲ್ಕು ವರ್ಷ ಇದ್ದಾಗ ಅಪ್ಪ ಸತ್ತ. 'ವಿಪರೀತ ಕುಡಿತದಿಂದ ತನ್ನ ಮನೆಯಲ್ಲಿ ಮೃತಪಟ್ಟಿರುತ್ತಾನೆ' ಎಂದು ಅಧಿಕಾರಿ ಬರೆದುಕೊಟ್ಟ ಕಾಗದ ನಮ್ಮ ಟ್ರಂಕಿನಲ್ಲಿದೆ. ಓದಲು ಕಲಿತಾಗಿನಿಂದ ಅದರಲ್ಲಿರುವ ಸಾವಿನ ತಾರೀಖೂ ನನಗೆ ಬಾಯಿಪಾಠ. ಅವ್ವ ಮಾತ್ರ ಇಲ್ಲ, ಹೊಲದಲ್ಲೇ ಸತ್ತ, ಕೆಲಸ ಮಾಡ್ತಾ ಸತ್ತ ಎಂದು ಕಂಡಕಂಡವರ ಮುಂದೆ ಹೇಳಿದಳು. ಜನ ಮುಸಿಮುಸಿ ನಕ್ಕರು. ಕುಡುಕನ ಹೆಂಡತಿ ಎಂದರು, ಶಾಲೆಯಲ್ಲಿ ನನ್ನನ್ನು ಕುಡುಕನ ಮಗಳು ಎಂದರು. ಬರುಬರುತ್ತ ಅವ್ವ ಹೇಳುವುದನ್ನೇ ಬಿಟ್ಟಳು. ನಾಚಿಕೆಗೇಡಿನ ಮಾತು ಹೇಳುತ್ತೇನೆ, ನಾನೂ ಅವಳನ್ನು ನಂಬಿರಲಿಲ್ಲ. ಒಂದು ದಿನ ಜಗಳದಲ್ಲಿ, ಆ ಕುಡುಕನ ಜೊತೆ ಬಾಳಿದವಳು ನಂಗೆ ಬುದ್ಧಿ ಹೇಳ್ತೀಯಾ ಎಂದು ಮುಖದ ಮೇಲೆ ಹೊಡೆದ ಹಾಗೆ ಅಂದಿದ್ದೆ. ಎರಡು ದಿನ ಅವಳು ಊಟ ಬಿಟ್ಟಿದ್ದಳು.

ಈಗ ಅವಳು ನೆಲ ನೋಡುತ್ತ ಹೇಳಿದಳು. ನಾನು ನಡುವೆ ಬಾಯಿ ಹಾಕಲಿಲ್ಲ.

"ಮೂರು ದಿನದಿಂದ ಮೈ ಕೆಂಡ ಕಣೆ ಅವನಿಗೆ. ಬರಲ್ಲ ಅಂತ ಹೇಳಿ ಕಳಿಸಿದ್ವಿ. ಚಿತ್ರಕ್ಕೆ ಹೊರೆ ಹೊರೋ ಗಂಡಾಳು ಬೇಕು, ಅವನು ಬರದಿದ್ರೆ ನೀನೂ ಬರಬೇಡ ಅಂದ ಆ ಬೋಳಿಮಗ ದೊಡ್ಡ ದಣಿ. ಬಂದ. ಹೊತ್ತ. ಬಿಸಿಲು ನೆತ್ತಿಗೆ ಬರೋ ಹೊತ್ತಿಗೆ ಹೊರೆ ಸಮೇತ ಬಿದ್ದ. ಎಳ್ಕೊಂಡು ಹೋಗಿ ನೆರಳಿಗೆ ಹಾಕಿದ್ವಿ. ಮಡಕೇಲಿ ಇದ್ದ ನೀರೆಲ್ಲ ಬಾಯಿಗೆ ಬಿಟ್ಟೆ. ಒಂದು ಗುಟುಕೂ ಒಳಗೆ ಹೋಗ್ಲಿಲ್ಲ. ಎಲ್ಲ ಕಿವಿ ಪಕ್ಕಕ್ಕೇ ಹರಿದು ಹೋಯ್ತು."

"ಗಾಡಿ ತರೋಕೆ ಅಂತ ಎದ್ದೆ. ದಣಿ ಅಡ್ಡ ನಿಂತ. 'ಎಲ್ಲಿಗೆ ಓಡ್ತೀಯೆ? ಅವ್ರು ಅಷ್ಟು ದೂರದಿಂದ ಬಂದು ಕೂತಿದ್ದಾರೆ, ಅರ್ಧ ಬರ್ದಿದ್ದಾರೆ. ಬೆಳಕು ಹೋದ್ರೆ ಚಿತ್ರ ಹೋಯ್ತು. ಸತ್ತೋನು ಎದ್ದು ಓಡ್ತಾನಾ? ಸಂಜೆ ತಗೊಂಡು ಹೋಗು. ಒಬ್ಬಳ ಬಾಯಿಂದ ಅಳು ಬಂದ್ರೂ ನಾಳೆಯಿಂದ ಸಾಲಿನಲ್ಲಿ ಒಬ್ಬಳಿಗೂ ಕೆಲಸ ಇಲ್ಲ' ಅಂದ. ಅವನೇ ಬಗ್ಗಿ ನಿಮ್ಮಪ್ಪನ ತಲೆವಸ್ತ್ರ ಬಿಚ್ಚಿ ಮುಖಕ್ಕೆ ಮುಚ್ಚಿದ. ಚಿತ್ರ ಬರೆಯೋ ಬಣ್ಣದಯ್ಯ ದೂರದಲ್ಲಿ ಕೊಡೆ ಕೆಳಗೆ ಕೂತಿದ್ದ. ಏನಾಯ್ತು ಅಂತ ಕೂಗಿ ಕೇಳ್ದ. ದಣಿ, 'ಏನಿಲ್ಲ, ಸೋಮಾರಿ, ಮಲಗಿದ್ದಾನೆ' ಅಂದ. 'ಮಲಗ್ಲಿ ಬಿಡಿ, ಚೆನ್ನಾಗಿ ಕಾಣ್ತದೆ' ಅಂದ ಬಣ್ಣದಯ್ಯ."

ಅವ್ವ ಕೈಯೆರಡನ್ನೂ ಅಗಲಿಸಿ ತೋರಿಸಿದಳು.

"ಕೈ ಎರಡೂ ಹಿಂಗೆ ಬಿದ್ದಿದ್ವು. ಸಂಜೆ ತನಕ ಹಂಗೇ ಸೆಟೆದ್ರೆ ಗಾಡೀಲಿ ಮಲಗಿಸೋದು ಹೆಂಗೆ? ಸಿವುಡು ಕಟ್ಟೋ ನೆಪದಲ್ಲಿ ಹತ್ರ ಹೋಗಿ ಒಂದು ಹುರಿ ಹೊಸೆದು ಸೇರಿಸಿ ಕಟ್ಟಿದೆ. ಅಷ್ಟೇ ನಂಗೆ ಮಾಡೋಕೆ ಬಿಟ್ಟಿದ್ದು. ಕತ್ತಲಾಗೋ ತನಕ ಅವನ ಪಕ್ಕದಲ್ಲೇ ಬಗ್ಗಿ ಸಿವುಡು ಕಟ್ಟಿದೀನಿ ನಾನು. ಆಮೇಲೆ ಹುಲ್ಲಿನ ಕೆಳಗೆ ಮುಚ್ಚಿ ಮನೆಗೆ ಸಾಗಿಸಿದ್ರು. ಬೆಳಿಗ್ಗೆ ಅಧಿಕಾರಿ ಬಂದು ಮನೇಲಿ ಸತ್ತ ಅಂತ ಬರೆದ. ಅವನ ಪಕ್ಕದ ಕುರ್ಚೀಲಿ ಯಾರು ಕೂತಿದ್ರು ಅಂತ ಕೇಳು."

ಕೇಳಬೇಕಾಗಿರಲಿಲ್ಲ. ನನ್ನಪ್ಪನ ಹೆಣದ ಮುಂದೆ ನಿಂತು ಹಲ್ಲು ಕಿಸಿದು ಬಂದಿದ್ದೆನಲ್ಲ, ನನ್ನ ನಾಲಿಗೆ ಸೀದು ಹೋಗಬಾರದೇ ಅನ್ನಿಸಿತು. ಅಲ್ಲಿಂದ ಎದ್ದವಳು ನೇರ ಭವನಕ್ಕೆ ಬಂದೆ.

ಚಿತ್ರದ ಮುಂದೆ ಈಗ ಒಂದು ಮೆತ್ತನೆಯ ಕುರ್ಚಿ ಹಾಕಿದ್ದರು. ಅದರಲ್ಲಿ ಬೆಳ್ಳಗಿನ ಗಡ್ಡದ ಮುದುಕನೊಬ್ಬ ಕೂತಿದ್ದ. ಪಕ್ಕದಲ್ಲಿ ಚಿಕ್ಕ ದಣಿ, ಪಂಡಿತ. ಉದ್ಘಾಟನೆಗೆಂದು ಬಣ್ಣದಯ್ಯನನ್ನೇ ಕರೆಸಿದ್ದರು. ನಾನು ಯಾರ ಕಡೆಗೂ ನೋಡದೆ ಚಿತ್ರದ ಕೆಳಮೂಲೆಗೆ ಬಗ್ಗಿದೆ. ಸಣ್ಣ ಕಂದು ಅಕ್ಷರದಲ್ಲಿ ಅವನ ಹೆಸರು, ಅದರ ಕೆಳಗೆ 'ಹೊಲದಲ್ಲೇ ಕೂತು ಬರೆದದ್ದು' ಎಂಬ ಒಂದು ಸಾಲು, ಅದರ ಮುಂದೆ ತಾರೀಖು. ನಮ್ಮ ಟ್ರಂಕಿನ ಕಾಗದದಲ್ಲಿದ್ದ ಅದೇ ತಾರೀಖು.

"ಏಯ್, ಏನು ಮೂಸ್ತಾ ಇದ್ದೀಯೆ ಅಲ್ಲಿ?" ಬೀಗದಕೈ ಓಡಿಬಂದ.

ನಾನು ಮುದುಕನ ಕಡೆ ತಿರುಗಿದೆ. "ಸ್ವಾಮಿ, ಈ ಮರದ ಕೆಳಗೆ ಮಲಗಿದ್ದೋರು ನೆನಪಿದ್ದಾರಾ ನಿಮಗೆ?"

ಮುದುಕನ ಮುಖ ಅರಳಿತು. "ನೆನಪಿಲ್ಲದೆ ಏನಮ್ಮ! ಎಷ್ಟು ಒಳ್ಳೇ ಆಳು! ಮಧ್ಯಾಹ್ನದಿಂದ ಸಂಜೆವರೆಗೆ ಒಂದು ಸಲಾನೂ ಮಗ್ಗುಲು ಬದಲಾಯಿಸಲಿಲ್ಲ. ಎಷ್ಟೋ ಜನರನ್ನ ಕೂರಿಸಿ, ಮಲಗಿಸಿ ಬರೆದಿದ್ದೀನಿ, ಅಷ್ಟು ನಿಶ್ಚಲವಾಗಿ ಇದ್ದವರು ಇನ್ನೊಬ್ಬರಿಲ್ಲ."

"ಸತ್ತಿದ್ರು ಸ್ವಾಮಿ," ಎಂದೆ. "ನಮ್ಮಪ್ಪ."

ಪಂಡಿತ ಕೋಲನ್ನು ಬೆನ್ನ ಹಿಂದೆ ಇಟ್ಟುಕೊಂಡ. ಚಿಕ್ಕ ದಣಿ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದ.

"ಯಾರು ನೀನು? ಓಹೋ, ಎಡಚಿ ಮಗಳಾ? ಆ ಕುಡುಕನ ಸಂತಾನ. ನಿಮ್ಮಪ್ಪ ಹೆಂಡ ಕುಡಿದು ನಿಮ್ಮ ಗುಡಿಸಲಲ್ಲೇ ನೆಗೆದುಬಿದ್ದ ಅಂತ ಸರ್ಕಾರಿ ದಾಖಲೆ ಇದೆ. ನಿಮ್ಮವ್ವನ ಹಳೇ ಹುಚ್ಚು ಈಗ ನಿಂಗೂ ಹಿಡೀತಾ?"

"ಇದೂ ದಾಖಲೇನೇ. ತಾರೀಖು ಓದಿ. ಅದೇ ದಿನ. ಕೈಗೆ ಕಟ್ಟಿರೋ ಗಂಟು ನಮ್ಮವ್ವಂದು. ಎಡಗೈ ಗಂಟು. ಊರಲ್ಲಿ ಯಾವ ಕೊಯ್ಲಿನವಳನ್ನ ಬೇಕಾದ್ರೂ ಕರೆಸಿ ಕೇಳಿ. ಕುಡಿದು ಮನೇಲಿ ಬಿದ್ದಿದ್ದೋನು ಹೊಲಕ್ಕೆ ಹೆಂಗೆ ಬಂದ?"

ಅವನು ಬಗ್ಗಿ ಓದಿದ. ಗಂಟನ್ನೂ ನೋಡಿದ. ಅವನ ಕುತ್ತಿಗೆ ಕೆಂಪಾಗುವುದನ್ನು ನಾನು ಕಣ್ಣಾರೆ ಕಂಡೆ. ಆಮೇಲೆ ನೆಟ್ಟಗೆ ನಿಂತು, ನಾನೊಂದು ಬಕೆಟ್ಟೋ ಪೊರಕೆಯೋ ಎಂಬಂತೆ ನನ್ನ ಎದುರಿಗೇ ಮುದುಕನಿಗೆ ಹೇಳಿದ.

"ನಾಳೆ ಬೆಳಿಗ್ಗೆ ಇದನ್ನ ಕೆಳಗಿಳಿಸಿ ಕೊಡಿಸ್ತೀನಿ. ಆ ಕೈ ಮೇಲೆ ನಾಲ್ಕು ಎಳೆ ಹುಲ್ಲು ಎಳೆದುಬಿಡಿ. ತಾರೀಖೂ ಒಂಚೂರು ಮಸುಕಾಗಲಿ. ನಾಡಿದ್ದು ನಾಲ್ಕು ಜನ ಬರೋ ಜಾಗ, ಇಲ್ಲದ ರಗಳೆ ಯಾಕೆ?"

ಮುದುಕ ಗಡ್ಡ ನೀವಿಕೊಂಡ. ಏನಾದರೂ ಹೇಳುತ್ತಾನೆ ಎಂದು ಅವನ ಬಾಯಿಯನ್ನೇ ನೋಡುತ್ತಿದ್ದೆ. "ಹಳದಿ ಹೊಂದಿಸೋದು ಕಷ್ಟ," ಎಂದ. "ಮೂವತ್ತು ವರ್ಷದ ಬಣ್ಣ. ಹೊಸದು ಎದ್ದು ಕಾಣುತ್ತೆ."

"ನೋಡಿ, ನಿಮ್ಮ ಕೈಚಳಕ ಇದೆಯಲ್ಲ," ಎಂದ ಚಿಕ್ಕ ದಣಿ.

ಬೀಗದಕೈ ನನ್ನ ರಟ್ಟೆ ಹಿಡಿದು ಬಾಗಿಲವರೆಗೆ ಎಳೆದುಕೊಂಡು ಹೋಗಿ ಮೆಟ್ಟಿಲ ಮೇಲೆ ನೂಕಿದ. ನನ್ನ ಹಿಂದೆಯೇ ಬಕೆಟ್ಟೂ ಬಂತು, ಕೊಳೆನೀರು ಸಮೇತ. "ನಾಳೆಯಿಂದ ಈ ಕಡೆ ಮುಖ ಹಾಕಿದ್ರೆ ಕಾಲು ಮುರೀತೀನಿ, ಹಲ್ಕಾ ಮುಂಡೆ!"

ಒದ್ದೆ ಬಟ್ಟೆಯಲ್ಲೇ ಅತ್ತೆಯ ಮನೆಗೆ ಹೋದೆ. ಅತ್ತೆ ಎಂದರೆ ಅಪ್ಪನ ಅಕ್ಕ. ಆ ದಿನದ ಸಾಲಿನಲ್ಲಿ ಇದ್ದವಳು. ಅಲ್ಲೇ ಅವಳ ಗೆಳತಿ ಕುಳ್ಳಿಯೂ ಕೂತು ಎಲೆ ಹೊಗೆಸೊಪ್ಪು ಜಗಿಯುತ್ತಿದ್ದಳು. ಅವಳೂ ಆ ಸಾಲಿನವಳೇ. ಬೆಳಿಗ್ಗೆಯಿಂದ ನಡೆದದ್ದನ್ನೆಲ್ಲ ಹೇಳಿದೆ. ಬಾಯಿಗೆ ಬಟ್ಟೆ ಹಿಡಿದವಳು ಹಾಡುತ್ತಿದ್ದಾಳೆ ಎಂದು ಪಂಡಿತ ಅಂದದ್ದು ಹೇಳಿದಾಗ ಕುಳ್ಳಿ ಬಾಯಲ್ಲಿದ್ದುದನ್ನು ಥೂ ಎಂದು ಉಗಿದಳು.

"ನಾನು ಕಣೆ ಅದು! ಹಾಡ್ತಾ ಇದ್ನಂತಾ? ಅವನ ಬಾಯಿಗೆ ಮಣ್ಣು ಹಾಕ! ಅಳು ಒತ್ತರಿಸಿ ಬಂದು ಬಟ್ಟೆ ಕಚ್ಕೊಂಡಿದ್ದೆ. ಎಷ್ಟು ಕಚ್ಚಿದ್ದೆ ಅಂದ್ರೆ ಸಂಜೆಗೆ ಬಟ್ಟೆ ಚಿಂದಿ. ನಿಮ್ಮಪ್ಪ ನಂಗೆ ಅಣ್ಣ ಅನ್ನಿಸ್ಕೊಂಡಿದ್ದೋನು ಕಣೆ."

ಅತ್ತೆ ಅಳಲಿಲ್ಲ. "ಮೂವತ್ತೆರಡು ವರ್ಷ," ಎಂದಳು. "ನಾವೆಲ್ಲ ಬಾಯಿ ಮುಚ್ಕೊಂಡು ಇದ್ದಿದ್ದು ಸಾಲಿನಿಂದ ಓಡಿಸ್ತಾರೆ ಅಂತ. ಈಗ ನಮ್ಮನ್ನ ಯಾವ ಸಾಲಿಗೂ ಕರೆಯೋರಿಲ್ಲ. ಯಂತ್ರ ಬಂದು ಎಲ್ಲ ಕೊಯ್ದು ಹಾಕ್ತದೆ. ಇನ್ನು ಯಾವ ದೊಣ್ಣೆನಾಯಕನ ಭಯ ನಮಗೆ?"

"ನಾಳೆ ಹುಲ್ಲು ಬಳಿದುಬಿಟ್ರೆ ಮುಗೀತು ಅತ್ತೆ. ಆಮೇಲೆ ಅಪ್ಪ ಕುಡುಕನಾಗೇ ಉಳೀತಾನೆ."

"ಬಳಿಯೋಕೆ ಬಿಟ್ರೆ ತಾನೆ?" ಎಂದಳು ಅತ್ತೆ.

ಬೆಳಿಗ್ಗೆ ಎಂಟಕ್ಕೆ ನಾವು ಐದು ಜನ ಹೋದೆವು. ಮುಂದೆ ಅವ್ವ, ಹಿಂದೆ ನಾನು, ಅತ್ತೆ, ಕುಳ್ಳಿ, ಕುಳ್ಳಿಯ ಸೊಸೆ. ಕೈಯಲ್ಲಿ ಪೊರಕೆ, ಬಕೆಟ್ಟು. ತಲೆಗೆ ಬಟ್ಟೆ ಕಟ್ಟಿಕೊಂಡು ಪೊರಕೆ ಹಿಡಿದರೆ ಸಾಕು, ಯಾವ ಬಾಗಿಲಲ್ಲೂ ಯಾರೂ ನಮ್ಮ ಮುಖ ನೋಡುವುದಿಲ್ಲ. ಬೀಗದಕೈ ಹೊರಗೆ ಶಾಮಿಯಾನದವರ ಮೇಲೆ ಎಗರಾಡುತ್ತಿದ್ದ. ನಾವು ಅವನ ಪಕ್ಕದಲ್ಲೇ ಒಳಗೆ ಹೋದೆವು.

ಚಿತ್ರವನ್ನು ಗೋಡೆಯಿಂದ ಇಳಿಸಿ, ಎರಡು ಬೆಂಚು ಜೋಡಿಸಿ ಅದರ ಮೇಲೆ ಮಲಗಿಸಿದ್ದರು. ಮುದುಕ ಒಬ್ಬನೇ ಇದ್ದ. ಒಂದು ಹಲಗೆಯ ಮೇಲೆ ಹಳದಿಗೆ ಕಂದು ಬೆರೆಸಿ, ಚಿತ್ರದ ಹತ್ತಿರ ಹಿಡಿದು ನೋಡಿ, ತಲೆ ಅಲ್ಲಾಡಿಸಿ, ಮತ್ತೆ ಬೆರೆಸುತ್ತಿದ್ದ. ಅವನ ಕೆಲಸದಲ್ಲಿ ಅವನು ಪ್ರಾಮಾಣಿಕ, ಅದನ್ನು ಇಲ್ಲ ಎನ್ನಲಾರೆ.

ಅತ್ತೆ ಮತ್ತು ಕುಳ್ಳಿ ಬಗ್ಗಿ ನೋಡಿದರು. ತಮ್ಮನ್ನು ತಾವು ಹುಡುಕಿದರು.

"ಅಯ್ಯೋ ಇವನ, ಎಲ್ರ ಅಂಡೂ ಬರ್ದಿದ್ದಾನೆ, ಮುಖ ಒಬ್ಬರದೂ ಇಲ್ಲ," ಎಂದಳು ಕುಳ್ಳಿ. "ಇದು ನಿಂದು ಕಣೆ ಅಕ್ಕ, ತೇಪೆ ನೋಡು." ಇಬ್ಬರಿಗೂ ನಗು ಬಂತು. ನಗುತ್ತಿದ್ದ ಹಾಗೆಯೇ ಅತ್ತೆಯ ಕಣ್ಣು ಮರದ ಬುಡಕ್ಕೆ ಹೋಯಿತು. "ತಮ್ಮಾ," ಎಂದಳು. ಅಷ್ಟು ಹೊತ್ತಿಗೆ ಅವ್ವ ಅಲ್ಲಿಗೆ ಬಂದು ನಿಂತಿದ್ದಳು. ಸೊಟ್ಟ ಬೆರಳುಗಳನ್ನು ಚಾಚಿ ಆ ಕಟ್ಟಿದ ಕೈಗಳ ಮೇಲೆ ಇಟ್ಟಳು.

"ಮುಟ್ಟಬೇಡಿ! ಮುಟ್ಟಬಾರದು ಅದನ್ನ!" ಮುದುಕ ಗಾಬರಿಯಾದ.

"ನಾನೇ ಕಟ್ಟಿದ್ದು ಕಣಯ್ಯ ಇದು," ಎಂದಳು ಅವ್ವ. "ನೀನು ಸುಳ್ಳು ಬರೆದಿಲ್ಲ. ಇದ್ದಿದ್ದನ್ನ ಇದ್ದ ಹಾಗೇ ಬರೆದಿದ್ದೀಯ. ಹುರಿಯ ಬಾಲ ಕೂಡ ಬಿಟ್ಟಿಲ್ಲ. ಈಗ್ಯಾಕೆ ಕೆಡಿಸ್ತೀಯ?"

"ನನಗೆ ಗೊತ್ತಿರಲಿಲ್ಲಮ್ಮ. ಆಣೆ ಮಾಡಿ ಹೇಳ್ತೀನಿ, ಆವತ್ತು ನನಗೆ ಗೊತ್ತಿರಲಿಲ್ಲ."

"ಈಗ ಗೊತ್ತಾಯ್ತಲ್ಲ."

ಮುದುಕ ಕುಂಚ ನೋಡಿದ. ಅವ್ವನನ್ನು ನೋಡಿದ. ಬಾಗಿಲ ಕಡೆ ನೋಡಿದ. ಕೆಳಗಿಡುತ್ತಾನೆ ಎಂದುಕೊಂಡೆ. ಅವನು ಅದನ್ನು ಹಳದಿಗೆ ಅದ್ದಿದ.

"ಎತ್ರೇ," ಎಂದಳು ಅವ್ವ.

ನಾಲ್ಕು ಮೂಲೆಗೆ ನಾಲ್ವರು ಕೈ ಹಾಕಿದೆವು. ಚೌಕಟ್ಟಿನ ಮರ ಭಾರ, ಆದರೆ ಹಸಿ ಹೊರೆಯಷ್ಟು ಭಾರವಲ್ಲ. ಹೆಗಲಿಗೇರಿತು. ಕುಳ್ಳಿಯ ಮೂಲೆ ತಗ್ಗಾಯಿತು. ಅವಳು ತಲೆಯ ಬಟ್ಟೆ ಬಿಚ್ಚಿ ಮಡಚಿ ಹೆಗಲ ಮೇಲಿಟ್ಟುಕೊಂಡು ಸರಿಮಾಡಿದಳು. ಅಪ್ಪ ಮುಖ ಮೇಲಾಗಿ ಮಲಗಿದ್ದ. ಅವ್ವ ಮುಂದೆ ನಡೆದಳು.

ಬಾಗಿಲಲ್ಲಿ ಬೀಗದಕೈ ಎರಡೂ ಕೈ ಚಾಚಿ ಅಡ್ಡ ನಿಂತ. "ಏಯ್! ಏಯ್! ಕಳ್ಳ ಮುಂಡೇರಾ! ಇಳಿಸ್ರೇ ಕೆಳಗೆ!"

"ನೀನೇ ಇಳಿಸ್ಕೊ ಬಾ," ಎಂದಳು ಕುಳ್ಳಿ. "ಬಾರೋ ಗಂಡಸೇ. ನಾನು ಕೈಬಿಟ್ರೆ ಏನಾಗ್ತದೆ ನೋಡ್ತೀಯಾ?"

ಅವನು ಚೌಕಟ್ಟು ಹಿಡಿಯಲು ಮುಂದೆ ಬಂದ. ಅಷ್ಟರಲ್ಲಿ ಹಿಂದಿನಿಂದ ಚಿಕ್ಕ ದಣಿಯ ಕೂಗು ಕೇಳಿಸಿತು. "ಎಳೀಬೇಡ್ವೋ ಮುಠ್ಠಾಳ! ಹರೀತದೆ! ಚಿತ್ರ ಹರೀತದೆ!" ಬೀಗದಕೈ ಹಾವು ತುಳಿದವನ ಹಾಗೆ ಹಿಂದೆ ಸರಿದ. ನಮ್ಮ ಮೈಗೆ ಕೈ ಹಾಕಲು ಹಿಂದೆಮುಂದೆ ನೋಡದವರು ಚಿತ್ರದ ಬಟ್ಟೆಗೆ 'ಹುಷಾರು, ಹುಷಾರು' ಎನ್ನುತ್ತ ದಾರಿ ಬಿಟ್ಟರು. ನಾವು ಮೆಟ್ಟಿಲಿಳಿದೆವು.

ಬೀದಿಯಲ್ಲಿ ಅಂಗಡಿಗಳು ಆಗಷ್ಟೇ ತೆರೆಯುತ್ತಿದ್ದವು. ಹಿಂದಿನಿಂದ ಚಿಕ್ಕ ದಣಿ ಯಾರಿಗೋ ಫೋನಿನಲ್ಲಿ ಕಿರುಚುತ್ತಿದ್ದ, ಜೀಪು ಕಳಿಸಿ, ಈಗಲೇ ಕಳಿಸಿ ಎಂದು. ಬೀಗದಕೈ ಹತ್ತು ಹೆಜ್ಜೆ ಹಿಂದೆ ಬರುತ್ತಿದ್ದ, ಹತ್ತಿರ ಬರುವ ಧೈರ್ಯವಿಲ್ಲ. ದಾರಿಯಲ್ಲಿದ್ದವರಿಗೆ ಕೆಳಗಿನಿಂದ ಚಿತ್ರ ಕಾಣುತ್ತಿರಲಿಲ್ಲ. ನಾಲ್ಕು ಹೆಂಗಸರ ಹೆಗಲು ಮತ್ತು ಅದರ ಮೇಲೆ ಉದ್ದನೆಯದೊಂದು ಕಾಣುತ್ತಿತ್ತು, ಮುಂದೆ ತಲೆಯ ಬಟ್ಟೆ ತೆಗೆದು ಕೂದಲು ಬಿಚ್ಚಿಕೊಂಡು ನಡೆಯುವ ಒಬ್ಬ ಮುದುಕಿ ಕಾಣುತ್ತಿದ್ದಳು. ಸೈಕಲ್ಲಿನವನೊಬ್ಬ ಇಳಿದು ಪಕ್ಕಕ್ಕೆ ನಿಂತ. ಚಹಾ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು ಎದ್ದರು.

ಕ್ಷೌರದಂಗಡಿಯವನು ಅರ್ಧ ಗಡ್ಡ ಕೆರೆದಿದ್ದ ಗಿರಾಕಿಯನ್ನು ಹಾಗೇ ಬಿಟ್ಟು, ಕತ್ತಿ ಕೈಯಲ್ಲೇ ಹಿಡಿದು ಹೊರಗೆ ಬಂದ.

"ಯಾರಮ್ಮ ಹೋದೋರು?" ಎಂದು ಕೇಳಿದ.

"ನನ್ನ ಗಂಡ," ಎಂದಳು ಅವ್ವ.

"ಅಯ್ಯೋ ಪಾಪ. ಯಾವಾಗ? ಎಲ್ಲಿ?"

ಅವ್ವ ನಿಂತಳು. ಇಡೀ ಬೀದಿಗೆ ಕೇಳುವ ಹಾಗೆ ಹೇಳಿದಳು.

"ಮಧ್ಯಾಹ್ನ. ದಣಿ ಹೊಲದಲ್ಲಿ. ಹೊರೆ ಹೊರ್ತಾ ಹೊರ್ತಾ."

ಅವನು ಕತ್ತಿ ಒರೆಸಿ ಕಿಟಕಿಯ ಮೇಲಿಟ್ಟ. ಹತ್ತಿರ ಬಂದು ಕುಳ್ಳಿಯ ಮೂಲೆಗೆ ಹೆಗಲು ಕೊಟ್ಟ.